ಅವಧಿ ಮೀರಿದ ಫಿಲ್ಮು ಮತ್ತು ದೋಷವಿಚಾರ

1897ರಲ್ಲಿ ಬಲೂನಿನಿಂದ ಉತ್ತರಧ್ರುವಕ್ಕೆ ಹೊರಟು ಮಡಿದ ಮೂವರು ಸ್ವೀಡನ್ನಿನವರಲ್ಲಿ ನಿಲ್ಸ್ ಸ್ಟ್ರಿಂಡ್‌ಬರ್ಗನು ಛಾಯಾಗ್ರಾಹಕನು. ಅವನ ಫಿಲ್ಮು 33 ವರ್ಷ ಹಿಮದಲ್ಲಿ ಹುದುಗಿದ್ದು 1930ರಲ್ಲಿ ದೊರೆಯಿತು. ಜಾನ್ ಹರ್ಟ್ಸ್‌ಬರ್ಗನು ತೊಳೆದಾಗ 240ರಲ್ಲಿ 93 ಚಿತ್ರಗಳು ಉಳಿದುವು. ಕುಸಿದ ಬಲೂನನ್ನು ನೋಡುತ್ತ ಇಬ್ಬರು ನಿಂತಿರುವ ಚಿತ್ರದಲ್ಲಿ ಕಲೆಗಳುಂಟು. ಆದರೆ ಮನ ಕರಗಿಸುವುದು ಆ ಮನುಷ್ಯರ ನಿಲವೇ ಹೊರತು ಕಲೆಗಳಲ್ಲ.

ಇಂದು ಅವಧಿ ಮೀರಿದ ದೊಡ್ಡ ಹಾಳೆಯ ಕಪ್ಪುಬಿಳುಪು ಫಿಲ್ಮನ್ನು ಬಯಸಿ ಕೊಳ್ಳುವ ಕೆಲವರು ಅದರ ಮುಸುಕನ್ನೇ ಸೌಂದರ್ಯವೆನ್ನುತ್ತಾರೆ. ಇದು ಒಪ್ಪತಕ್ಕ ಮಾತಲ್ಲ. ಆನಂದವರ್ಧನನು ಕೆಲವು ದೋಷಗಳನ್ನು ಅನಿತ್ಯವೆಂದನು, ನಿಜ. ರಸಕ್ಕೊಪ್ಪಿದರೆ ಅವು ದೋಷವಲ್ಲ. ಎಲ್ಲೆಡೆಯೂ ಗುಣವೆಂದು ಅವನು ಹೇಳಲಿಲ್ಲವಷ್ಟೆ! ಒಪ್ಪುವುದೋ ಇಲ್ಲವೋ ಎಂದು ನಿರ್ಣಯಿಸಲು ಮುಸುಕಿನ ಪ್ರಮಾಣ ತಿಳಿದಿರಬೇಕು. ಒಂದು ಹಾಳೆಯನ್ನು ಬೆಳಕು ತೋರಿಸದೆಯೇ ತೊಳೆದರೆ ಅದು ಗೋಚರವಾಗುತ್ತದೆ. ಇನ್ನೊಂದಕ್ಕೆ, ಮುಚ್ಚುವ ತಗಡನ್ನು ಹಂತಹಂತವಾಗಿ ಸರಿಸುತ್ತ ಬೆಳಕು ಕೊಟ್ಟರೆ, ಫಿಲ್ಮಿನ ವೇಗವೆಷ್ಟು ಕುಂದಿದೆಯೆಂಬುದು ತಿಳಿಯುತ್ತದೆ. ಸುರುಳಿಯಂತಲ್ಲದೆ ಹಾಳೆಹಾಳೆಯಾಗಿ ತೊಳೆಯಬಹುದಾದುದರಿಂದ ಇಷ್ಟು ಪರೀಕ್ಷೆಗೆ ಎರಡೇ ಹಾಳೆ ವ್ಯಯ. ಬಳಿಕ ಬೇಕೆನಿಸಿದರೆ ತೊಳೆಯುವ ದ್ರಾವಣಕ್ಕೆ ತುಸು ಪೊಟ್ಯಾಸಿಯಂ ಬ್ರೋಮೈಡನ್ನು ಬೆರೆಸಬಹುದು. ಮುಸುಕು ತಗ್ಗುತ್ತದೆ, ಒಡನೆ ವೇಗವೂ ಕೊಂಚ ತಗ್ಗುತ್ತದೆ.