ದುಡಿಯ ಸದ್ದಿನಲ್ಲಿ ಮುಳುಗಿದ ತೋಟದ ಲೆಕ್ಕ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಬೇಸಾಯಗಾರನಾಗಲು ಹಂಬಲಿಸಿದ ಅಸ್ಪೃಶ್ಯನೊಬ್ಬನ ದುರಂತವೆಂದು ಪಠ್ಯಪುಸ್ತಕಗಳಲ್ಲಿಯೂ, 1975ರ ಚಲನಚಿತ್ರದ ಬಳಿಕ ಜನಮನದಲ್ಲಿಯೂ ನೆಲೆಗೊಂಡಿದೆ. ಈ ಕೀರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ‘ದುಡಿ’ ಎಂಬುದು ವಾದ್ಯದ ಹೆಸರಾಗಿರುವಂತೆಯೇ ದುಡಿಮೆಯ ಧಾತುವೂ ಆಗಿದ್ದು, ವಾದ್ಯಕ್ಕೆ ಕಿವಿಗೊಟ್ಟ ವಿಮರ್ಶೆಯು ಗಟ್ಟದ ಕಾಫಿತೋಟದ ದುಡಿಮೆಯನ್ನು ಉಪಕಥೆಯೆಂದು ಬದಿಗೆ ಸರಿಸಿದೆ.

ಈ ಭಾಗದಲ್ಲಿ ಗಮನಿಸಬೇಕಾದದ್ದು ಸಾಲ ತೀರುವ ಕ್ರಮ. ಚೋಮನ ಹಳೆಯ ಸಾಲದ ಹೆಸರಿನಲ್ಲಿ ರೈಟರ್ ಮನ್ವೇಲ, ಎಂದರೆ ತೋಟದ ಲೆಕ್ಕ ಬರೆಯುವವನು, ಮನೆಬಾಗಿಲಿಗೆ ಬರುತ್ತಾನೆ. ಗಂಡುಮಕ್ಕಳಿಬ್ಬರು ಗಟ್ಟ ಹತ್ತುತ್ತಾರೆ. ಒಬ್ಬ ಸಾಯುತ್ತಾನೆ, ಇನ್ನೊಬ್ಬ ಮತ ಬದಲಿಸಿ ದೂರವಾಗುತ್ತಾನೆ, ಸಾಲ ಮಾತ್ರ ಉಳಿಯುತ್ತದೆ. ಕೊನೆಗೆ ಅದು ಹರಿಯುವುದು ಮಗಳು ಬೆಳ್ಳಿಯ ದೇಹ ತೋಟದವರ ವಶವಾದ ಮೇಲೆ. ಇಬ್ಬರ ದುಡಿಮೆಗೆ ಕರಗದ ಸಾಲವು ಒಬ್ಬಳ ಮಾನಭಂಗಕ್ಕೆ ಅಳಿಯುವುದಾದರೆ, ಅದು ಮೊದಲಿನಿಂದಲೂ ಹಣದ ಬಾಕಿಯಾಗಿರದೆ ಆಳನ್ನು ಕಟ್ಟಿಹಾಕುವ ಹಗ್ಗವಾಗಿತ್ತೆಂದೇ ಅರ್ಥ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿಯಾಗಿಸುತ್ತಿದ್ದ 1859ರ ಕಾನೂನು 1925ರ ಶಾಸನದಿಂದ ರದ್ದಾಗಿತ್ತು. ಕಾನೂನು ಹೋದ ಮೇಲೂ ಹಗ್ಗ ಉಳಿದುದನ್ನು ಕಾರಂತರು ಭಾಷಣವಿಲ್ಲದೆ, ಕೇವಲ ಘಟನೆಗಳ ಅನುಕ್ರಮದಿಂದ ಕಾಣಿಸುತ್ತಾರೆ. ಅಸ್ಸಾಮಿನ ಚಹಾತೋಟಗಳನ್ನು ಕುರಿತ ಮುಲ್ಕ್ ರಾಜ್ ಆನಂದರ ಇಂಗ್ಲಿಷ್ ಕಾದಂಬರಿ ಬಂದದ್ದು ಇದಾದ ನಾಲ್ಕು ವರ್ಷಗಳ ನಂತರ, 1937ರಲ್ಲಿ.

ತೋಟದ ಕೂಲಿ, ವಸತಿ, ಕೆಲಸದ ಹೊತ್ತುಗಳ ವಿವರ ಇಲ್ಲಿ ವಿರಳವೆಂಬುದನ್ನು ಒಪ್ಪಬೇಕು. ಆದರೆ ಚೋಮ ಬಂಡೇಳಲಿಲ್ಲ, ಆದ್ದರಿಂದ ಕೃತಿಯಲ್ಲಿ ವರ್ಗಪ್ರಜ್ಞೆ ಸಾಲದು ಎಂಬ ಪ್ರಗತಿಶೀಲ ಆಕ್ಷೇಪ ನಿಲ್ಲುವುದಿಲ್ಲ. ಕುಳ್ಕುಂದದ ನಿರಂಜನರು ‘ಚಿರಸ್ಮರಣೆ’ಯಲ್ಲಿ (1955) ಕಯ್ಯೂರಿನ ಸಂಘಟಿತ ರೈತರನ್ನು ಚಿತ್ರಿಸಬಲ್ಲವರಾದರು, ಏಕೆಂದರೆ ಅಲ್ಲಿ ಸಂಘವಿತ್ತು, ಚೋಮನಿಗೆ ಜೊತೆ ನಿಲ್ಲುವ ಒಬ್ಬನೂ ಇರಲಿಲ್ಲ. ಇಲ್ಲದ ಸಂಘವನ್ನು ಕಲ್ಪಿಸಿಕೊಡದಿರುವುದು ಕಾದಂಬರಿಕಾರನ ದೌರ್ಬಲ್ಯವಲ್ಲ, ಪ್ರಾಮಾಣಿಕತೆ. ಕೃತಿಯನ್ನು ಜಾತಿಯ ಕಥೆಯೆಂದಷ್ಟೇ ಓದುವವರೂ ಎಡವುತ್ತಾರೆ: ಜಾತಿ ಅವನಿಗೆ ಗದ್ದೆಯನ್ನು ನಿರಾಕರಿಸಿದ್ದರಿಂದಲೇ ತೋಟಕ್ಕೆ ಅಗ್ಗದ ಆಳುಗಳು ಸಿಕ್ಕರು.

ಗಟ್ಟದ ಬುಡದಲ್ಲಿರುವ ಗುತ್ತಿಗಾರಿನ ಓದುಗರಿಗೆ ಇದು ದೂರದ ಚರಿತ್ರೆಯಲ್ಲ. ಶ್ರೀಲಂಕಾದೊಂದಿಗಿನ 1964ರ ಒಪ್ಪಂದದ ಬಳಿಕ ಅಲ್ಲಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ–ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆನಿಂತು ಹಾಲು ತೆಗೆಯುತ್ತಿರುವ ಈ ಸೀಮೆಯಲ್ಲಿ, ‘ಚೋಮನ ದುಡಿ’ಯನ್ನು ತೋಟದ ಕಾದಂಬರಿಯೆಂದು ಮರಳಿ ಓದುವ ಹೊಣೆ ವಿಮರ್ಶೆಯ ಮೇಲಿದೆ.