ಉತಾರದ ಹೆಸರು ಮತ್ತು ಒರಾಕಲ್‌ನ ಕೀರ್ತಿ

ದೊಡ್ಡ ವ್ಯವಹಾರಕ್ಕೆ ಯಾವ ಡೇಟಾಬೇಸ್ ತಕ್ಕದ್ದು ಎಂದು ತೂಗಿ ಹೇಳುವ ಬರಹವು ತನ್ನದೇ ಕಟ್ಟುಪಾಡುಗಳುಳ್ಳ ಒಂದು ಪ್ರಕಾರವಾಗಿ ಬೆಳೆದಿದೆ. ಎಡಗಡೆ ಗುಣಗಳ ಪಟ್ಟಿ, ಮೇಲ್ಗಡೆ ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಡಿಬಿ2, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಹೆಸರುಗಳು, ನಡುವಿನ ಮನೆಗಳಲ್ಲಿ ಸರಿ-ತಪ್ಪಿನ ಗುರುತುಗಳು. ಕೊನೆಗೆ ಹಣವುಳ್ಳವರಿಗೆ ಒರಾಕಲ್, ವಿಂಡೋಸ್ ಬಲ್ಲವರಿಗೆ ಎಸ್‌ಕ್ಯೂಎಲ್ ಸರ್ವರ್, ಉಳಿದವರಿಗೆ ಪುಕ್ಕಟೆ ಸಿಗುವಂಥದ್ದು ಎಂಬ ತೀರ್ಪು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ನಡೆಯುವ ವ್ಯವಹಾರಗಳನ್ನು, ಅಂದರೆ ಕಬ್ಬಿನ ಕಾಟಾ, ಪತ್ತಿನ ಸಂಘದ ಖಾತೆ, ತಹಶೀಲ್ದಾರ ಕಚೇರಿಯ ಉತಾರ (ಪಹಣಿ) ಇವುಗಳನ್ನು ಎದುರಿಗಿಟ್ಟುಕೊಂಡು ಓದಿದರೆ ಈ ತೀರ್ಪು ನಿಲ್ಲುವುದಿಲ್ಲ. ಒರಾಕಲ್‌ನ ಕೀರ್ತಿಯನ್ನು ಕಟ್ಟಿದ ಅಳತೆಗೋಲುಗಳು ಈ ವ್ಯವಹಾರಗಳನ್ನು ಮುಟ್ಟುವುದೇ ಇಲ್ಲ. ಮುಟ್ಟುವ ಅಳತೆಗೋಲಾದ ಮನುಷ್ಯನ ಹೆಸರನ್ನು ಹೋಲಿಕೆಕಾರರು ಪಟ್ಟಿಯಲ್ಲಿ ಸೇರಿಸಿಯೇ ಇಲ್ಲ.

ಸಂಬಂಧಾತ್ಮಕ ಡೇಟಾಬೇಸ್‌ನ ಮೂಲತತ್ತ್ವ ಎಲ್ಲರೂ ಬಲ್ಲದ್ದೇ. ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಕೋಷ್ಟಕಗಳಲ್ಲಿಟ್ಟು, ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಕೀಲಿ ಎಂಬ ಸಮಾನ ಮೌಲ್ಯದಿಂದ ಜೋಡಿಸಬೇಕೆಂದು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಸೂಚಿಸಿದರು. 1979ರಲ್ಲಿ ಒರಾಕಲ್, 1983ರಲ್ಲಿ ಡಿಬಿ2, 1989ರಲ್ಲಿ ಎಸ್‌ಕ್ಯೂಎಲ್ ಸರ್ವರ್ ಮಾರುಕಟ್ಟೆಗೆ ಬಂದವು. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ ಪೋಸ್ಟ್‌ಗ್ರೆಸ್ 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಈಗಿನ ಹೆಸರು ಪಡೆಯಿತು. ಇಷ್ಟರಾಚೆಗಿನ ವಂಶಾವಳಿ ಇಲ್ಲಿ ಬೇಕಿಲ್ಲ.

ಒರಾಕಲ್‌ನ ಕೀರ್ತಿಯ ಮೊದಲ ಆಧಾರ ವೇಗ. ವ್ಯವಹಾರಗಳ ವೇಗವನ್ನು ಅಳೆಯಲೆಂದು 1988ರಲ್ಲಿ ಟಿಪಿಸಿ ಎಂಬ ಮಂಡಳಿ ಹುಟ್ಟಿತು. ಉಗ್ರಾಣದ ಸರಕು ಆದೇಶಗಳನ್ನು ಅನುಕರಿಸುವ ಅದರ ಟಿಪಿಸಿ-ಸಿ ಪರೀಕ್ಷೆಯಲ್ಲಿ 2020ರ ಹೊತ್ತಿಗೆ ನಿಮಿಷಕ್ಕೆ 70 ಕೋಟಿ ವ್ಯವಹಾರಗಳನ್ನೂ ಮೀರಿದ ಫಲಿತಾಂಶ ದಾಖಲಾಗಿದೆ. ದಿನಕ್ಕೆ 10,000 ಟನ್ ನುರಿಸುವ ಒಂದು ಕಾರ್ಖಾನೆಯನ್ನೂ ಟ್ರ್ಯಾಕ್ಟರ್‌ಗೆ 20 ಟನ್ ಹೊರೆಯನ್ನೂ ಲೆಕ್ಕಕ್ಕೆ ಹಿಡಿದರೆ, ದಿನಕ್ಕೆ 500 ಗಾಡಿ, ತುಂಬಿದ ತೂಕ ಒಮ್ಮೆ, ಖಾಲಿ ತೂಕ ಒಮ್ಮೆ, ಒಟ್ಟು 1,000 ನಮೂದು. ನಿಮಿಷಕ್ಕೆ ಒಂದೂ ಬೀಳುವುದಿಲ್ಲ. ಹಂಗಾಮಿನ ನಡುರಾತ್ರಿ ಕಾರ್ಖಾನೆಯ ಗೇಟಿನ ಮುಂದೆ ಗಾಡಿಗಳ ಸಾಲು ಬೆಳೆಯುವುದು ಕಾಟಾ ಒಂದೇ ಇರುವುದರಿಂದ. ಡೇಟಾಬೇಸ್ ಎಷ್ಟೇ ಚುರುಕಾಗಿದ್ದರೂ ಆ ಸಾಲು ಕರಗದು.

ಇನ್ನೊಂದು ಸಂಗತಿಯನ್ನು ಹೋಲಿಕೆಕಾರರು ಬಲ್ಲರಾದರೂ ಅಪರೂಪಕ್ಕೆ ಬಾಯಿಬಿಡುತ್ತಾರೆ. 1983ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡೆವಿಟ್ ಮತ್ತು ಸಂಗಡಿಗರು ಹಲವು ಡೇಟಾಬೇಸ್‌ಗಳನ್ನು ಒಂದೇ ಪರೀಕ್ಷೆಗೆ ಒಡ್ಡಿ ಫಲಿತಾಂಶ ಪ್ರಕಟಿಸಿದ ಮೇಲೆ, ಅನುಮತಿಯಿಲ್ಲದೆ ವೇಗದ ಅಳತೆಗಳನ್ನು ಪ್ರಕಟಿಸಕೂಡದೆಂಬ ಷರತ್ತು ಒರಾಕಲ್‌ನ ಪರವಾನಗಿಯಲ್ಲಿ ಸೇರಿತು. ಮೈಕ್ರೋಸಾಫ್ಟ್‌ನ ಪರವಾನಗಿಯಲ್ಲೂ ಅಂಥದೇ ಷರತ್ತಿದೆ. ಡೆವಿಟ್ ಷರತ್ತು ಎಂದೇ ಅದು ಹೆಸರಾಗಿದೆ. ಅಂದರೆ ಖರೀದಿದಾರನು ತನ್ನ ಕಾಟಾದ ಮೇಲೆ ಸರಕನ್ನು ತೂಗಿ ನೋಡಬಹುದು, ಎಷ್ಟು ತೂಗಿತೆಂದು ನೆರೆಯವನಿಗೆ ಹೇಳುವಂತಿಲ್ಲ. ಇಂಥ ಮೌನದ ನಡುವೆ ಹುಟ್ಟಿದ ಕೋಷ್ಟಕಗಳಲ್ಲಿ 'ವೇಗ: ಅತ್ಯುತ್ತಮ' ಎಂದು ಬರೆದಿದ್ದರೆ ಆ ಅತ್ಯುತ್ತಮದ ಮೂಲ ಕಂಪನಿಯ ಮಾರಾಟಪತ್ರವೇ ಹೊರತು ಪರೀಕ್ಷೆಯಲ್ಲ. ಕಬ್ಬಿನ ತೂಕ ತನ್ನ ಕಣ್ಣೆದುರೇ ಆಗಬೇಕೆಂದು ಪಟ್ಟು ಹಿಡಿಯುವ ರೈತನಿಗಿರುವಷ್ಟು ಅನುಮಾನವೂ ಈ ವಿಮರ್ಶಕರಿಗಿಲ್ಲ.

ಈಗ ಹೆಸರಿನ ಕಾಲಂ. ಮುಂಬಯಿ ಪ್ರಾಂತದ ಕಾಲದಿಂದ ಈ ಭಾಗದಲ್ಲಿ ಉತಾರ ಎಂದೇ ಕರೆಯಲಾಗುವ ಪಹಣಿಯಲ್ಲಿಯೂ, ಪಿಕೆಪಿಎಸ್ ಎಂಬ ಪ್ರಾಥಮಿಕ ಪತ್ತಿನ ಸಂಘದ ಸಾಲದ ಖಾತೆಯಲ್ಲಿಯೂ, ಕಬ್ಬಿನ ಬಿಲ್ಲಿನಲ್ಲಿಯೂ ರೈತನ ಹೆಸರಿಗೆ ಒಂದು ಕಾಲಂ ಇದೆ, ಮತ್ತು ವ್ಯವಹಾರವೆಲ್ಲ ಈ ಮೂರೂ ಹೆಸರುಗಳು ಒಂದೇ ಎಂದು ಯಂತ್ರ ಒಪ್ಪುವುದರ ಮೇಲೆ ನಿಂತಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ಬಹುಮಟ್ಟಿಗೆ ಅಕ್ಷರವೆಂದು ಉಳಿಸುತ್ತಿರಲಿಲ್ಲ. ನುಡಿ, ಬರಹದಂಥ ತಂತ್ರಾಂಶಗಳು ಕನ್ನಡದ ತುಣುಕು ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಆ ಜೋಡಣೆಯಲ್ಲಿ 'ಆ' ಇರುವುದು ರೋಮನ್‌ನ ದೊಡ್ಡ 'ಡಿ'ಯ ಜಾಗದಲ್ಲಿ, 'ಜ' ಇರುವುದು ಸಣ್ಣ 'ಡಿ'ಯ ಜಾಗದಲ್ಲಿ. ಎಸ್‌ಕ್ಯೂಎಲ್ ಸರ್ವರ್ ಅನ್ನು ಸಾಮಾನ್ಯ ರೀತಿಯಲ್ಲಿ ಸ್ಥಾಪಿಸಿದಾಗ ಬರುವ ಕೊಲೇಶನ್, ಅಂದರೆ ಅಕ್ಷರಗಳ ಸಮಾನತೆ ಮತ್ತು ಕ್ರಮವನ್ನು ನಿರ್ಧರಿಸುವ ನಿಯಮಾವಳಿ, ರೋಮನ್‌ನ ದೊಡ್ಡ-ಸಣ್ಣ ಅಕ್ಷರಗಳನ್ನು ಒಂದೆಂದೇ ಎಣಿಸುತ್ತದೆ. ಮೈಎಸ್‌ಕ್ಯೂಎಲ್‌ನ ಹಳೆಯ ರೂಢಿಯೂ ಅದೇ. ಹೀಗಾಗಿ ಅಂಥ ಕಡತದಲ್ಲಿ ಆನಂದನೂ ಜಯಪಾಲನೂ ಒಂದೇ ಅಕ್ಷರದ ಕೆಳಗೆ ಬಂದು ಕೂರುತ್ತಾರೆ, 'ಜನ' ಎಂದು ಹುಡುಕಿದರೆ 'ಆನ' ಕೂಡ ಎದ್ದು ಬರುತ್ತದೆ. ಒರಾಕಲ್ ಮತ್ತು ಪೋಸ್ಟ್‌ಗ್ರೆಸ್ ಎರಡೂ ಹೇಳದೆಯೇ ದೊಡ್ಡ-ಸಣ್ಣ ಅಕ್ಷರಗಳನ್ನು ಬೇರೆಯೆಂದು ನೋಡುವುದರಿಂದ ಈ ಆಪತ್ತಿನಿಂದ ಪಾರಾದವು. ಅದು ಅವುಗಳ ಕನ್ನಡ ಜ್ಞಾನದ ಫಲವಲ್ಲ, ಶುದ್ಧ ಆಕಸ್ಮಿಕ. ಆದರೂ ಹತ್ತಾರು ಹೋಲಿಕೆ ಪಟ್ಟಿಗಳಿಗಿಂತ ಈ ಒಂದು ಆಕಸ್ಮಿಕ ಕನ್ನಡದ ಕಚೇರಿಗೆ ಹೆಚ್ಚು ಮುಖ್ಯವಾದದ್ದು.

ಯೂನಿಕೋಡ್ ಬಂದ ಮೇಲೆ ತೊಡಕು ಮುಗಿಯಿತೆಂಬುದು ಇನ್ನೊಂದು ಜನಪ್ರಿಯ ಭ್ರಮೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕನ್ನಡ ಪಠ್ಯದ ಮುಂದೆ 'ಎನ್' ಎಂಬ ಒಂದಕ್ಷರದ ಗುರುತು ಹಾಕಲು ಕಾರ್ಯಕ್ರಮಕಾರ ಮರೆತರೆ, ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲೊಂದು ಸದ್ದಿಲ್ಲದೆ ಉಳಿಯುತ್ತದೆ, ಮತ್ತು ಹಾಗೆ ಹೋದ ಹೆಸರನ್ನು ಮರಳಿ ತರುವ ದಾರಿಯಿಲ್ಲ. ಯೂನಿಕೋಡ್ ಅನ್ನು ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-8 ರೀತಿಯ ಕೊಲೇಶನ್ ಎಸ್‌ಕ್ಯೂಎಲ್ ಸರ್ವರ್‌ಗೆ ಸೇರಿದ್ದು 2019ರ ಆವೃತ್ತಿಯಲ್ಲಿ. ಒರಾಕಲ್‌ನ ದೋಷ ಬೇರೆ ಬಗೆಯದು. ಅದು ಕಾಲಂನ ಉದ್ದವನ್ನು, ಬೇರೆ ಹೇಳದಿದ್ದರೆ, ಬೈಟ್‌ಗಳಲ್ಲಿ ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಅಣ್ಣಾಸಾಹೇಬ' ಎಂಬುದು ಒತ್ತಕ್ಷರ, ಕಾಗುಣಿತ ಸೇರಿ 10 ಸಂಕೇತ, 30 ಬೈಟ್. ತಂದೆಯ ಹೆಸರು 'ಬಾಳಾಸಾಹೇಬ' 9 ಸಂಕೇತ, 27 ಬೈಟ್. ಇಂಗ್ಲಿಷ್ ಹೆಸರುಗಳಿಗೆ ಧಾರಾಳವೆನಿಸುವ 50ರ ಕಾಲಂನಲ್ಲಿ ಅಡ್ಡಹೆಸರು ಬರುವ ಮೊದಲೇ ಜಾಗ ಮುಗಿದು ಒರಾಕಲ್ ತಪ್ಪು ತೋರಿಸಿ ನಿಲ್ಲುತ್ತದೆ. ನಿಲ್ಲುವುದು ಅದರ ಪ್ರಾಮಾಣಿಕತೆ ಎಂದೇ ಹೇಳಬೇಕು. ಮೈಎಸ್‌ಕ್ಯೂಎಲ್ 2015ರ 5.7ನೇ ಆವೃತ್ತಿಯಲ್ಲಿ ಕಟ್ಟುನಿಟ್ಟಿನ ರೀತಿಯನ್ನು ರೂಢಿಗೆ ತರುವವರೆಗೆ ಹೆಚ್ಚಾದ ಬಾಲವನ್ನು ಕತ್ತರಿಸಿ ಉಳಿಸಿಕೊಂಡು ಮುಂದೆ ಸಾಗುತ್ತಿತ್ತು. ಪೋಸ್ಟ್‌ಗ್ರೆಸ್ ಅಕ್ಷರ ಸಂಕೇತಗಳನ್ನೇ ಎಣಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು 'ಪಾಟೀಲ'. ಈ ಐದು ತಾಲೂಕುಗಳಲ್ಲಿ ಇದಕ್ಕಿಂತ ಬಳಕೆಯ ಅಡ್ಡಹೆಸರು ಹುಡುಕುವುದು ಕಷ್ಟ, ಆದರೆ ಯೂನಿಕೋಡ್‌ನಲ್ಲಿ ಇದನ್ನು ಎರಡು ರೀತಿಯಲ್ಲಿ ಬರೆಯಬಹುದು. ದೀರ್ಘ 'ಟೀ'ಯ ಗುಡಿಸನ್ನು ದೀರ್ಘ ಸಮೇತ ಒಂದೇ ಸಂಕೇತವಾಗಿ ಬರೆದರೆ ಹೆಸರು 5 ಸಂಕೇತಗಳದು. ಗುಡಿಸು ಬೇರೆ, ದೀರ್ಘ ಚಿಹ್ನೆ ಬೇರೆ ಎಂದು ಬರೆದರೆ 6 ಸಂಕೇತಗಳದು. ಹಳೆಯ ಫಾಂಟ್‌ಗಳಲ್ಲಿ ದೀರ್ಘ ಚಿಹ್ನೆ ಪ್ರತ್ಯೇಕ ತುಣುಕಾಗಿದ್ದರಿಂದ, ಎಚ್ಚರಿಕೆಯಿಲ್ಲದೆ ಬರೆದ ಪರಿವರ್ತಕ ತಂತ್ರಾಂಶ ಎರಡನೆಯ ರೂಪವನ್ನೇ ಹುಟ್ಟಿಸುತ್ತದೆ. ಪರದೆಯ ಮೇಲೆ, ಕಾಗದದ ಮೇಲೆ, ಎರಡೂ ಒಂದೇ ಪಾಟೀಲ. ಬೈಟ್‌ಗಳನ್ನು ಹೋಲಿಸುವ ಡೇಟಾಬೇಸ್‌ಗೆ ಇಬ್ಬರು ಬೇರೆ ಮನುಷ್ಯರು. ಇದನ್ನು ಸರಿಪಡಿಸುವ ಕ್ರಿಯೆಗೆ ಸಾಮಾನ್ಯೀಕರಣ ಎಂದು ಹೆಸರು. ಪೋಸ್ಟ್‌ಗ್ರೆಸ್‌ನಲ್ಲಿ 2020ರ 13ನೇ ಆವೃತ್ತಿಯಿಂದ ಅದಕ್ಕೆ ನೇರವಾದ ಆದೇಶವಿದೆ, ಸಾಮಾನ್ಯೀಕರಿಸದ ಹೆಸರನ್ನು ಒಳಗೇ ಬಿಡಬೇಡವೆಂದು ಕಾಲಂಗೆ ಕಾವಲು ಹಾಕಬಹುದು. ಒರಾಕಲ್‌ನಲ್ಲಿ ಕೂಡಿಸುವ ಮತ್ತು ಬಿಡಿಸುವ ಆದೇಶಗಳಿವೆ, ಬಳಸುವವರು ಕಡಿಮೆ. ಎಸ್‌ಕ್ಯೂಎಲ್ ಸರ್ವರ್‌ನ ಸ್ವಂತ ಭಾಷೆಯಲ್ಲಿ ಇಂಥ ಆದೇಶವೇ ಇಲ್ಲದೆ ಹೊರಗಿನ ಕಾರ್ಯಕ್ರಮದ ಮೊರೆ ಹೋಗಬೇಕಾಗುತ್ತದೆ. ಕ್ರಮದ ಪ್ರಶ್ನೆಯೂ ಹೀಗೆಯೇ. ವರ್ಣಮಾಲೆಯ ಕೊನೆಗೆ ಬರಬೇಕಾದ 'ಳ' ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ 'ಲ'ದ ಬೆನ್ನಿಗೇ, 'ವ'ಕ್ಕೂ ಮೊದಲು ಇದೆ. ಬರಿಯ ಸಂಕೇತಕ್ರಮದಲ್ಲಿ ಜೋಡಿಸಿದ ಷೇರುದಾರರ ಯಾದಿಯಲ್ಲಿ ಬಾಹುಬಲಿಗಿಂತ ಮುಂದೆ ಬಾಳಾಸಾಹೇಬ ಬಂದು ನಿಲ್ಲುತ್ತಾನೆ, ನಿಘಂಟಿನ ಕ್ರಮ ಬಲ್ಲ ಗುಮಾಸ್ತ 'ಬಾ' ಹೆಸರುಗಳ ಕೊನೆಯಲ್ಲಿ ಬೆರಳಿಟ್ಟು ಹುಡುಕುತ್ತಾನೆ. ಭಾಷೆಗೆ ತಕ್ಕ ಕ್ರಮವನ್ನು ಐಸಿಯು ಎಂಬ ಗ್ರಂಥಾಲಯದ ಮೂಲಕ ಆರಿಸಿಕೊಳ್ಳುವ ಅನುಕೂಲ ಪೋಸ್ಟ್‌ಗ್ರೆಸ್‌ಗೆ 2017ರಲ್ಲಿ ಬಂದಿತು.

ಒರಾಕಲ್‌ಗೆ ಸಲ್ಲಬೇಕಾದದ್ದು ಸಲ್ಲಲಿ. ಓದುವವರಿಗೆ ಹಳೆಯ ಪ್ರತಿಯನ್ನು ತೋರಿಸುತ್ತ ಬರೆಯುವವರನ್ನು ತಡೆಯದೆ ಬಿಡುವ ಬಹುಪ್ರತಿ ವಿಧಾನವನ್ನು ಅದು ಬಹಳ ಹಿಂದೆಯೇ ಪಳಗಿಸಿಕೊಂಡಿತ್ತು. ಎಸ್‌ಕ್ಯೂಎಲ್ ಸರ್ವರ್‌ನ ಮೂಲ ರೂಢಿಯಲ್ಲಿ ದಿನದ ಟನ್ ಲೆಕ್ಕ ತೆಗೆಯುವ ಗುಮಾಸ್ತನೂ ಕಾಟಾದ ಮೇಲಿನ ಗಾಡಿಯ ತೂಕ ಬರೆಯುವವನೂ ಬೀಗಗಳಿಗಾಗಿ ಒಬ್ಬರನ್ನೊಬ್ಬರು ಕಾಯುವ ಪ್ರಸಂಗ ಬರುತ್ತದೆ. 2005ರಿಂದ ಇದಕ್ಕೆ ಪರಿಹಾರವಿದ್ದರೂ ಅದನ್ನು ತಾವಾಗಿ ಚಾಲೂ ಮಾಡಬೇಕು. ಮಾಡದವರು ಬೀಗವನ್ನೇ ಲೆಕ್ಕಿಸಬೇಡವೆಂಬ ಆದೇಶವನ್ನು ವರದಿಯಲ್ಲಿ ತುರುಕುತ್ತಾರೆ, ಆಗ ಅರ್ಧ ಬರೆದ ಗಾಡಿಯೂ ಲೆಕ್ಕಕ್ಕೆ ಸಿಕ್ಕಿಬೀಳಬಹುದು, ಒಂದೇ ಗಾಡಿ ಎರಡು ಸಲವೂ ಎಣಿಕೆಯಾಗಬಹುದು. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದೊಳಗೆ ಹಣ ಸಲ್ಲಿಸದಿದ್ದರೆ ಶೇಕಡಾ 15ರ ಬಡ್ಡಿ ತೆರಬೇಕಾದ ವ್ಯವಹಾರದಲ್ಲಿ ಇಂಥ ವರದಿ ಸಣ್ಣ ತಪ್ಪಲ್ಲ.

ಆದರೆ ಅದೇ ಒರಾಕಲ್ ಕಾಗವಾಡದ ಮುಂದೆ ತಡವರಿಸುತ್ತದೆ. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ನಿಪ್ಪಾಣಿ ಚಿಕ್ಕೋಡಿಯಿಂದಲೂ ಕಾಗವಾಡ ಅಥಣಿಯಿಂದಲೂ ಬೇರೆಯಾದವು. ಉಗಾರ ಖುರ್ದ, ಶೇಡಬಾಳದಂಥ ಊರುಗಳ ತಾಲೂಕು ಬದಲಾಯಿತು. ತಾಲೂಕಿನ ಸಂಕೇತವನ್ನು ಖಾತೆಯ ಕೀಲಿಯೊಳಗೇ ಹೆಣೆದ ತಂತ್ರಾಂಶದಲ್ಲಿ ಆ ಸಂಕೇತ ಬದಲಾದರೆ ಅದನ್ನು ಅವಲಂಬಿಸಿದ ಸಾಲ, ಬಿಲ್ಲು, ಜಾಮೀನಿನ ಸಾಲುಗಳೆಲ್ಲ ಬದಲಾಗಬೇಕು. ಕೀಲಿ ಬದಲಾದಾಗ ಅವಲಂಬಿತ ಸಾಲುಗಳನ್ನು ತಾನೇ ತಿದ್ದುವ ವಿಧಿ ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್ ಮೂರರಲ್ಲೂ ಇದೆ, ಎಲ್ಲಕ್ಕಿಂತ ದುಬಾರಿಯಾದ ಒರಾಕಲ್‌ನಲ್ಲಿ ಇಲ್ಲ. ಬದಲಾಗುವಂಥದ್ದನ್ನು ಕೀಲಿ ಮಾಡಿದ್ದೇ ತಪ್ಪು ಎಂದು ಒರಾಕಲ್ ಪಕ್ಷದವರು ವಾದಿಸುತ್ತಾರೆ. ತತ್ತ್ವದ ಮಟ್ಟಿಗೆ ಅದು ಸರಿಯೇ; ಗಡಿ ಬದಲಾಗದ ನಾಡಿನಲ್ಲಿ ಬೆಳೆದ ತತ್ತ್ವ ಅದು ಎಂಬುದನ್ನು ಮಾತ್ರ ಸೇರಿಸಿಕೊಳ್ಳಬೇಕು.

ಇನ್ನು ಪುಕ್ಕಟೆ ಪಕ್ಷದವರ ಜೊತೆಗಿನ ಜಗಳ. ಒರಾಕಲ್‌ನ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿ ಬೆಲೆ ಪ್ರತಿ ಪ್ರೊಸೆಸರ್‌ಗೆ 47,500 ಡಾಲರ್, ಮೇಲೆ ವರ್ಷವರ್ಷವೂ ಬೆಂಬಲಕ್ಕೆ ಅದರ ಶೇಕಡಾ 22. ಇದನ್ನು ಎತ್ತಿ ತೋರಿಸಿ ಪೋಸ್ಟ್‌ಗ್ರೆಸ್‌ಗೆ ಬೆಲೆಯೇ ಇಲ್ಲವೆಂದು ಅವರು ಸಾರುತ್ತಾರೆ. ಪೋಸ್ಟ್‌ಗ್ರೆಸ್‌ನ ಬಹುಪ್ರತಿ ವಿಧಾನ ಸತ್ತ ಸಾಲುಗಳನ್ನು ಕೋಷ್ಟಕದಲ್ಲೇ ಬಿಟ್ಟುಹೋಗುತ್ತದೆ, ಅವನ್ನು ಗುಡಿಸುವ ವ್ಯಾಕ್ಯೂಮ್ ಎಂಬ ಕೆಲಸ ಹಿಂದೆ ಬಿದ್ದರೆ ಕೋಷ್ಟಕ ಬಾತುಕೊಳ್ಳುತ್ತದೆ, ಅದನ್ನು ಬಲ್ಲವರು ಅಥಣಿಯಲ್ಲಿ ಸಿಗುವರೋ ಪುಣೆಯಿಂದ ಬರಬೇಕೋ ಎಂಬುದು ಬೆಲೆಯ ಭಾಗವೇ. ಎಸ್‌ಕ್ಯೂಎಲ್ ಸರ್ವರ್ ಅನ್ನು ಹೀಗಳೆಯುವುದೂ ಅವರ ಚಾಳಿ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ಭೂಮಿ ಯೋಜನೆ ತನ್ನ ಮೊದಲ ಹಂತದಲ್ಲಿ ತಾಲೂಕು ಕಚೇರಿಗೊಂದರಂತೆ ಇಟ್ಟ ಸರ್ವರ್‌ಗಳಲ್ಲಿ ಬಳಸಿದ್ದು ಅದನ್ನೇ. ತಲಾಟಿಯ ಕೈಯಲ್ಲಿದ್ದ ಉತಾರವನ್ನು ಕಿಟಕಿಯಲ್ಲಿ 15 ರೂಪಾಯಿಗೆ ಸಿಗುವಂತೆ ಮಾಡಿ, ಮೊದಲು ಬಂದ ಅರ್ಜಿ ಮೊದಲು ಎಂಬ ನಿಯಮವನ್ನು ಯಂತ್ರದಿಂದ ಪಾಲಿಸಿದ ಆ ವ್ಯವಸ್ಥೆಯ ಹಿಂದಿನ ಡೇಟಾಬೇಸ್ ಅನ್ನು ಆಟಿಕೆ ಎನ್ನುವುದು ಅವಿವೇಕ. ಇಷ್ಟಾದರೂ ಇಂದು ಹೊಸದಾಗಿ ಕಟ್ಟುವ ಸಂಘ ಅಥವಾ ಕಾರ್ಖಾನೆಯ ವ್ಯವಸ್ಥೆಗೆ, ಹೆಸರಿನ ಕಾಲಂ ಒಂದನ್ನೇ ಸಾಕ್ಷಿಯಾಗಿ ಹಿಡಿದರೂ, ಪೋಸ್ಟ್‌ಗ್ರೆಸ್ ಮುಂದಿದೆ, ಒರಾಕಲ್‌ನ ಕೀರ್ತಿ ಇಲ್ಲಿನ ಮಟ್ಟಿಗೆ ಉಬ್ಬಿಸಿದ್ದು.

ಪಿಕೆಪಿಎಸ್‌ಗಳಿಗಂತೂ ಈ ಆಯ್ಕೆಯೇ ಉಳಿದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 2,516 ಕೋಟಿ ರೂಪಾಯಿಯಲ್ಲಿ 63,000 ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿ, ಎಲ್ಲಕ್ಕೂ ಒಂದೇ ಸಾಮಾನ್ಯ ತಂತ್ರಾಂಶವೆಂದು ಗೊತ್ತುಮಾಡಿತು. ಕಾರ್ಯದರ್ಶಿಯ ಪಾಲಿಗೆ ಉಳಿದದ್ದು ಹಳೆಯ ಖಾತೆಗಳನ್ನು ಅದಕ್ಕೆ ಸಾಗಿಸುವ ಕೆಲಸ. ರೈತನಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆಯಿರುವಾಗ ಹೆಸರಿನ ಚಿಂತೆ ಏಕೆಂದು ಕೇಳುವವರಿದ್ದಾರೆ. ಆ ಸಂಖ್ಯೆಯನ್ನು ಹಳೆಯ ಖಾತೆಗೆ ಹೊಂದಿಸಬೇಕಾದರೆ ಮೊದಲು ಹೆಸರಿಗೆ ಹೆಸರು ತಾಳೆಯಾಗಬೇಕು, ಆ ದಿನ ಒಂದು ಕಡೆಯಿಂದ 5 ಸಂಕೇತಗಳ ಪಾಟೀಲನೂ ಇನ್ನೊಂದು ಕಡೆಯಿಂದ 6 ಸಂಕೇತಗಳ ಪಾಟೀಲನೂ ಎದುರುಬದುರಾಗುತ್ತಾರೆ.