ಸರ್ವತೋಭದ್ರದ ಮನೆಗಳು

ಮಮ್ಮಟನು ಚಿತ್ರಕಾವ್ಯವನ್ನು ಕೊನೆಯ ದರ್ಜೆಯಲ್ಲಿರಿಸಿದನು. ನಮ್ಮ ವಿಮರ್ಶೆಯೂ ಅದನ್ನು ಅಕ್ಷರಗಳ ಕಸರತ್ತೆಂದು ಬದಿಗೆ ಸರಿಸಿತು. ರಸದೃಷ್ಟಿಯಿಂದ ಆ ತೀರ್ಪನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಕ್ಷರವೆಂದರೇನೆಂಬ ಪ್ರಶ್ನೆಗೆ ಈ ಬಂಧಗಳು ನೀಡುವ ಉತ್ತರವು ಉಪೇಕ್ಷಣೀಯವಲ್ಲ.

ಭಾರವಿಯ ‘ಕಿರಾತಾರ್ಜುನೀಯ’ದ 15ನೆಯ ಸರ್ಗದಲ್ಲಿ ಬರುವ ಸರ್ವತೋಭದ್ರವನ್ನೇ ತೆಗೆದುಕೊಳ್ಳೋಣ. ಪಾದಕ್ಕೆ 8ರಂತೆ 4 ಪಾದಗಳಿಗೆ 32 ಮನೆಗಳು. ಪ್ರತಿಯೊಂದು ಪಾದವೂ ಹಿಂದುಮುಂದಾಗಿ ಒಂದೇ. ಕಂಬಸಾಲುಗಳನ್ನು ಇಳಿದು ಮರಳಿ ಏರಿದರೂ ಅವೇ ಪಾದಗಳು. ಲೆಕ್ಕವಿಟ್ಟು ನೋಡಿದರೆ ಕವಿಗೆ ಸ್ವಾತಂತ್ರ್ಯವಿರುವುದು 10 ಮನೆಗಳಲ್ಲಿ ಮಾತ್ರ. ಉಳಿದ 22 ತಾವಾಗಿಯೇ ನಿರ್ಣಯವಾಗುತ್ತವೆ. ಪದಕ್ರೀಡೆಯೂ ತರ್ಕದ ಒಗಟೂ ಇಲ್ಲಿ ಬೇರೆಬೇರೆಯಲ್ಲ. (ಅರ್ಥವನ್ನು ಹೊಂದಿಸುವ ಪಾಡು ವ್ಯಾಖ್ಯಾನಕಾರರದು!) ಗಮನಿಸಬೇಕಾದುದು, ‘ಸ್ವ’, ‘ವ್ಯ’ಗಳಿಗೆ ಅಲ್ಲಿ ಒಂದೊಂದೇ ಮನೆ.

ಕನ್ನಡ ಪತ್ರಿಕೆಗಳ ಪದಬಂಧವು ನಡೆಯುವುದೂ ಈ ಪದ್ಧತಿಯಲ್ಲಿಯೇ. ಅಡ್ಡಸಾಲಿನ ‘ಕಿ’ ಕಂಬಸಾಲಿಗೂ ‘ಕಿ’ಯೇ ಆಗಬೇಕು, ‘ಕ’ ಆದರೆ ಸಲ್ಲದು. ರೋಮನ್ ಲಿಪಿಯ ಅಕ್ಷರತರ್ಕದ ಆಟಗಳನ್ನು ಕನ್ನಡಕ್ಕೆ ತರುವವರು ಎಡವುವುದು ಇಲ್ಲಿ. ಯೂನಿಕೋಡ್‌ನಲ್ಲಿ ‘ಸ್ವ’ ಎಂಬುದು 3 ಸಂಕೇತಗಳ ಸರಣಿ. ಸಂಕೇತಕ್ಕೊಂದು ಮನೆ ಕೊಟ್ಟರೆ ನಡುಮನೆಯಲ್ಲಿ ಉಳಿಯುವುದು ಯಾರೂ ಉಚ್ಚರಿಸಲಾಗದ ಬರಿಯ ಹಲಂತಚಿಹ್ನೆ.